ಈ ‘ಎಡ್ಜ್ ಆಫ್ ನೈಟ್’ ಕಂತು ಯಾವ ವರ್ಷದ್ದು? ಹಳೆಯ ಅಮೆರಿಕನ್ ಧಾರಾವಾಹಿ ಪ್ರಿಯರು ಸಹಾಯ ಮಾಡಿ

ಹಳೇರೀಲು
ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಳೆಯ ಹಗಲು ಧಾರಾವಾಹಿಗಳ ಹುಚ್ಚಿರುವ ಕನ್ನಡದವರು ಇಲ್ಲಿ ಹಲವರಿದ್ದೀರಿ. ಒಂದು ಸಹಾಯ ಬೇಕಾಗಿದೆ.

ಯೂಟ್ಯೂಬ್‌ನಲ್ಲಿ ‘ದಿ ಎಡ್ಜ್ ಆಫ್ ನೈಟ್’ನ ಒಂದು ಕಂತು ಸಿಕ್ಕಿದೆ. ಹಾಕಿದವರು ಮೇಲೆ ‘1974’ ಅಂತ ಬರೆದು ಬಿಟ್ಟಿದ್ದಾರೆ. ಬೇರೆ ಒಂದಕ್ಷರ ಇಲ್ಲ. ಬಣ್ಣದ ಕಂತು. ಚಿತ್ರ ಆಗಾಗ ಓರೆಯಾಗುತ್ತದೆ. ಜಾಹೀರಾತುಗಳನ್ನು ಕತ್ತರಿಸಿ ತೆಗೆದಿದ್ದಾರೆ. ಶುರುವಿನಲ್ಲಿ ಊರಿನ ಎತ್ತರದ ಕಟ್ಟಡಗಳ ಸಾಲು ಬರುತ್ತದೆ. ಕೊನೆಯಲ್ಲಿ ಹೆಸರುಗಳು ಬರುವಾಗ ಒಬ್ಬ ‘ಎಬಿಸಿ’ ಅನ್ನುವುದು ಕೇಳುತ್ತದೆ. ಅದಾದ ಮೇಲೂ ಏನೋ ಹೇಳುತ್ತಾನೆ, ಸಂಗೀತದ ಸದ್ದಿನಲ್ಲಿ ಸ್ಪಷ್ಟವಿಲ್ಲ.

1974 ಅಂತ ನಂಬಲು ನನಗೆ ಆಗುತ್ತಿಲ್ಲ. ವರ್ಷ ಮಾತ್ರ ಅಲ್ಲ, ಸಾಧ್ಯವಾದರೆ ವಾರವನ್ನೂ ಗೊತ್ತು ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ರೀಲುಪೆಟ್ಟಿಗೆ
1974 ಖಂಡಿತ ಅಲ್ಲ. ‘ಎಬಿಸಿ’ ಅಂತ ಕೇಳಿಸಿದರೆ ಸಾಕು, ಅಲ್ಲಿಗೆ ಮುಗಿಯಿತು.

‘ಎಡ್ಜ್’ ಶುರುವಾಗಿದ್ದು 1956ರ ಏಪ್ರಿಲ್ 2ರಂದು, ಸಿಬಿಎಸ್ ಅನ್ನುವ ಟಿವಿ ಜಾಲದಲ್ಲಿ. ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಶುರುವಾಗಿದ್ದೂ ಅದೇ ದಿನ. ಅಲ್ಲಿಯವರೆಗೆ ಹಗಲು ಧಾರಾವಾಹಿ ಅಂದರೆ ಹದಿನೈದು ನಿಮಿಷ. ಈ ಎರಡೂ ಮೊದಲ ದಿನದಿಂದಲೇ ಅರ್ಧ ಗಂಟೆ. 1975ರಲ್ಲಿ ಸಿಬಿಎಸ್‌ನವರು ‘ವರ್ಲ್ಡ್ ಟರ್ನ್ಸ್’ ಅನ್ನು ಒಂದು ಗಂಟೆಗೆ ಹಿಗ್ಗಿಸಿದರು. ‘ಎಡ್ಜ್’ಗೆ ಜಾಗ ಸಿಗಲಿಲ್ಲ, ಅದು ಎಬಿಸಿ ಅನ್ನುವ ಇನ್ನೊಂದು ಜಾಲಕ್ಕೆ ಹೋಯಿತು. ಎಬಿಸಿಯಲ್ಲಿ ಮೊದಲ ದಿನ 1975ರ ಡಿಸೆಂಬರ್ 1. ಕೊನೆಯ ಕಂತು 1984ರ ಡಿಸೆಂಬರ್ 28.

ಹಾಗಾಗಿ ನಿಮ್ಮ ಕಂತು ಈ ಒಂಬತ್ತು ವರ್ಷಗಳ ನಡುವೆ ಎಲ್ಲೋ ಇದೆ.

ಮಲ್ಲೇಶ್ವರಂ ಮೀನಾ
ಶುರುವಿನ ಕಟ್ಟಡಗಳನ್ನು ಸರಿಯಾಗಿ ನೋಡಿ. ಕಥೆ ನಡೆಯುವ ಮಾಂಟಿಸೆಲ್ಲೋ ಕಾಲ್ಪನಿಕ ಊರು. ಅದಕ್ಕೆ ತೋರಿಸುತ್ತಿದ್ದದ್ದು ಸಿನ್ಸಿನಾಟಿಯ ಕಟ್ಟಡಗಳನ್ನು. ಧಾರಾವಾಹಿಯ ಒಡೆಯರಾದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ಊರು ಅದೇ ಅಲ್ವಾ. 1980ರ ಹೊತ್ತಿಗೆ ಅದನ್ನು ತೆಗೆದು ಲಾಸ್ ಏಂಜಲೀಸ್ ಹಾಕಿದರು. ಯಾವ ಊರು ಅಂತ ಗೊತ್ತಾದರೆ ಒಂಬತ್ತು ವರ್ಷದಲ್ಲಿ ಅರ್ಧ ಹೋಗುತ್ತದೆ.

ಹಳೇರೀಲು
@ಮೀನಾ ಮೇಡಂ, ಸಿನ್ಸಿನಾಟಿಯೇ. ಕೇರ್ಯೂ ಟವರ್ ಕಾಣಿಸುತ್ತಿದೆ, ಇವತ್ತಿನ ಫೋಟೋ ಪಕ್ಕ ಇಟ್ಟು ನೋಡಿದೆ. ಅಂದರೆ 1975ರ ಡಿಸೆಂಬರ್‌ನಿಂದ 1980ರ ಒಳಗೆ.

ನ್ಯೂಜೆರ್ಸಿ ನಾಗರಾಜ
ಕಟ್ಟಡ ಆಯಿತು, ಈಗ ಮುಖಗಳನ್ನು ನೋಡಿ. ನನ್ನ ಮಟ್ಟಿಗೆ ತಾರೀಖು ಹಿಡಿಯಲು ಪಾತ್ರಧಾರಿಗಳಿಗಿಂತ ಒಳ್ಳೆಯ ಗುರುತು ಇಲ್ಲ. ಒಂದೇ ಪಾತ್ರವನ್ನು ನಾಲ್ಕು ಜನ ಮಾಡಿರುತ್ತಾರೆ. ಯಾರು ಯಾವಾಗ ಬಂದರು, ಯಾವಾಗ ಹೋದರು ಅನ್ನುವುದು ಆಗಿನ ಪತ್ರಿಕೆಗಳಲ್ಲಿ ಇದೆ.

‘ಎಡ್ಜ್’ಗೆ ಸಂಬಂಧಿಸಿ ಹೇಳುವುದಾದರೆ ರೇವನ್ ಅಲೆಕ್ಸಾಂಡರ್ ಇದ್ದಾಳಾ ನೋಡಿ. ಆ ಪಾತ್ರ ಬಂದಿದ್ದೇ 1976ರಲ್ಲಿ. ಮೊದಲು ಮಾಡಿದವರು ಜುವಾನಿನ್ ಕ್ಲೇ. 1977ರಲ್ಲಿ ಶಾರನ್ ಗ್ಯಾಬೆಟ್ ಬಂದರು, ಕೊನೆಯವರೆಗೂ ಅವರೇ. ವಕೀಲ ಆ್ಯಡಮ್ ಡ್ರೇಕ್ ಇದ್ದಾನಾ? ಡೊನಾಲ್ಡ್ ಮೇ ಆ ಪಾತ್ರ ಬಿಟ್ಟಿದ್ದು 1977ರಲ್ಲಿ. ಮೈಕ್ ಕಾರ್ ಆಗಿ ಫಾರೆಸ್ಟ್ ಕಾಂಪ್ಟನ್ ಇದ್ದರೆ ಅದರಿಂದ ಏನೂ ಉಪಯೋಗ ಇಲ್ಲ, ಅವರು 1971ರಿಂದ ಕೊನೆಯವರೆಗೂ ಇದ್ದರು.

ಹಳೇರೀಲು
ನಾಗರಾಜ್ ಸರ್, ರೇವನ್ ಇದ್ದಾಳೆ! ಕೊನೆಯ ಹೆಸರುಗಳಲ್ಲಿ ಜುವಾನಿನ್ ಕ್ಲೇ ಅಂತಲೇ ಇದೆ. ಆ್ಯಡಮ್ ಡ್ರೇಕ್ ಕೂಡ ಇದ್ದಾನೆ. ಹಾಗಾದರೆ 1976 ಅಥವಾ 1977.

ಕಾಲಿನ್ಸ್‌ಪೋರ್ಟ್ ಕನ್ನಡಿಗ
ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ? ಸ್ಲೇಟ್ ಇದೆಯಾ ನೋಡಿ. ‘ಡಾರ್ಕ್ ಶ್ಯಾಡೋಸ್’ ಅನ್ನುವ ಇನ್ನೊಂದು ಹಗಲು ಧಾರಾವಾಹಿಯ ಕಂತುಗಳಲ್ಲಿ ಶುರುವಿಗೆ ಮುಂಚೆ ಒಬ್ಬರು ಸ್ಲೇಟ್ ಹಿಡಿದು ನಿಲ್ಲುತ್ತಾರೆ. ಕಂತಿನ ಸಂಖ್ಯೆ, ತಾರೀಖು ಎರಡೂ ಅದರ ಮೇಲೆ ಇರುತ್ತದೆ. ಕೆಲಸ ಮುಗಿಯಿತು.

ರೀಲುಪೆಟ್ಟಿಗೆ
ಅಲ್ಲಿಗೇ ಮುಗಿಯುವುದಿಲ್ಲ ಸ್ವಾಮಿ. ಆ ಸ್ಲೇಟಿನಲ್ಲಿ ಇರುವುದು ಟೇಪ್ ಮಾಡಿದ ದಿನ. ಪ್ರಸಾರದ ದಿನ ಬೇರೆ. ಸಾಮಾನ್ಯವಾಗಿ ಒಂದೆರಡು ವಾರದ ಅಂತರ ಇರುತ್ತದೆ. ಎಷ್ಟೋ ಜನ ಸ್ಲೇಟ್ ನೋಡಿ ಅದನ್ನೇ ಪ್ರಸಾರದ ತಾರೀಖು ಅಂತ ಬರೆದುಬಿಡುತ್ತಾರೆ. ಆಮೇಲೆ ಅದನ್ನು ಹತ್ತು ಕಡೆ ಕಾಪಿ ಮಾಡುತ್ತಾರೆ. ನನಗೆ ತುಂಬಾ ಸಿಟ್ಟು ಬರುವ ವಿಷಯ ಇದು.

ನೇರ ಪ್ರಸಾರದ ಕಾಲದ ಧಾರಾವಾಹಿಗಳಿಗೆ ಈ ಗೊಂದಲ ಇರಲಿಲ್ಲ. ‘ಎಡ್ಜ್’, ‘ವರ್ಲ್ಡ್ ಟರ್ನ್ಸ್’ ಎರಡೂ 1975ರವರೆಗೆ ನೇರವಾಗಿಯೇ ಬರುತ್ತಿದ್ದವು. ನಟಿಸಿದ ದಿನವೇ ಪ್ರಸಾರದ ದಿನ.

ಕಾಲಿನ್ಸ್‌ಪೋರ್ಟ್ ಕನ್ನಡಿಗ
ಟೇಪ್ ಮಾಡಿದ ದಿನ ಅನ್ನುವುದು ಸರಿ. ಆದರೆ ‘ಡಾರ್ಕ್ ಶ್ಯಾಡೋಸ್’ಗೆ ಪ್ರಸಾರದ ತಾರೀಖೂ ಪಕ್ಕಾ ಇದೆ. 1966ರ ಜೂನ್ 27ರಿಂದ 1971ರ ಏಪ್ರಿಲ್ 2ರವರೆಗೆ ಒಟ್ಟು 1,225 ಕಂತು. ಅದರಲ್ಲಿ ಕಳೆದುಹೋಗಿದ್ದು ಒಂದೇ ಒಂದು, 1219ನೇ ಸಂಖ್ಯೆಯದು. ಅದರ ಧ್ವನಿ ಸಿಕ್ಕಿತು, ಹಾಗಾಗಿ ಸ್ಥಿರಚಿತ್ರ ಸೇರಿಸಿ ಮತ್ತೆ ಕಟ್ಟಿದರು. ಆ ಕಾಲದ ಬೇರೆ ಯಾವ ಹಗಲು ಧಾರಾವಾಹಿ ಇಷ್ಟು ಪೂರ್ತಿಯಾಗಿ ಉಳಿದಿದೆ ಹೇಳಿ?

ಧಾರವಾಡದ ಸುಮ
ಒಂದು ನಿಮಿಷ ನಿಲ್ರಿ. ಒಟ್ಟು 1,225 ಅಂತೀರಿ. ಆದರೆ ಕೊನೆಯ ಕಂತಿನ ಮೇಲೆ 1245 ಅಂತ ಇದೆಯಲ್ಲ?

ಕಾಲಿನ್ಸ್‌ಪೋರ್ಟ್ ಕನ್ನಡಿಗ
ಒಳ್ಳೆಯ ಪ್ರಶ್ನೆ ಸುಮಕ್ಕ. ಯಾವುದಾದರೂ ದಿನ ವಿಶೇಷ ಸುದ್ದಿ, ಹಬ್ಬ, ಆಟ ಅಂತ ಧಾರಾವಾಹಿ ರದ್ದಾದರೆ ಆ ದಿನದ ಸಂಖ್ಯೆಯನ್ನೇ ಹಾರಿಸಿಬಿಡುತ್ತಿದ್ದರು. ಶುಕ್ರವಾರದ ಕಂತಿನ ಸಂಖ್ಯೆ ಯಾವಾಗಲೂ 5 ಅಥವಾ 0ಯಲ್ಲಿ ಮುಗಿಯಬೇಕು ಅನ್ನುವ ಲೆಕ್ಕ. ಹಾಗೆ ಹಾರಿಸಿ ಹಾರಿಸಿ ಕೊನೆಗೆ ಇಪ್ಪತ್ತರ ವ್ಯತ್ಯಾಸ ಬಂತು. ನಮಗೆ ಅದರಿಂದ ಅನುಕೂಲವೇ ಆಗಿದೆ. ಸಂಖ್ಯೆ ನೋಡಿದ ಕೂಡಲೇ ವಾರ ಯಾವುದು ಅಂತ ಗೊತ್ತಾಗುತ್ತದೆ.

ಇನ್ನೊಂದು. ಇದು ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ಬಂದಿದ್ದು 1967ರ ಆಗಸ್ಟ್ 11ರಂದು, 295ನೇ ಕಂತಿನಿಂದ. ಆದರೆ ಕಪ್ಪು-ಬಿಳುಪು ಇದ್ದ ಮಾತ್ರಕ್ಕೆ ಅದಕ್ಕಿಂತ ಹಳೆಯದು ಅನ್ನುವಂತಿಲ್ಲ. ಕೆಲವು ಬಣ್ಣದ ಕಂತುಗಳ ಮೂಲ ಟೇಪ್ ಹೋಗಿ ಕಿನೆಸ್ಕೋಪ್ ಮಾತ್ರ ಉಳಿದಿದೆ. ಅಂದರೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿ. ಅದು ಕಪ್ಪು-ಬಿಳುಪೇ.

ಸಂಜೆ ಕಾಫಿ
ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ಕಂತು ಸಿಕ್ಕಿದೆ, ನೋಡಿ ಸಂತೋಷಪಡಿ. 76 ಆದರೇನು 77 ಆದರೇನು?

ರೀಲುಪೆಟ್ಟಿಗೆ
ವ್ಯತ್ಯಾಸ ಇದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಓದಿ.

ಆ ಕಾಲದಲ್ಲಿ ಬಳಸುತ್ತಿದ್ದದ್ದು ಎರಡು ಇಂಚು ಅಗಲದ ವಿಡಿಯೋ ಟೇಪ್. ತುಂಬಾ ದುಬಾರಿ. ಹಾಗಾಗಿ ಒಂದು ಸಲ ಪ್ರಸಾರ ಆದ ಮೇಲೆ ಅಳಿಸಿ ಅದರ ಮೇಲೆ ಇನ್ನೊಂದನ್ನು ತುಂಬುತ್ತಿದ್ದರು. ಹಗಲು ಧಾರಾವಾಹಿಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ ಅಂತ ಅವರ ನಂಬಿಕೆ. ಮನೆಯಲ್ಲಿರುವ ಹೆಂಗಸರು ಇಸ್ತ್ರಿ ಮಾಡುತ್ತಾ ನೋಡುವ ಕಾರ್ಯಕ್ರಮ, ಇದನ್ನು ಕಾಪಾಡಿ ಏನಾಗಬೇಕು ಅಂತ. ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ 2010ರ ಸೆಪ್ಟೆಂಬರ್ 17ರಂದು ಮುಗಿಯುವಾಗ 13,858 ಕಂತು ಆಗಿತ್ತು. ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ನಡೆಯಿತು. 72 ವರ್ಷ! ಇವುಗಳ ಮೊದಲ ದಶಕಗಳ ಬಹುಪಾಲು ಈಗ ಎಲ್ಲೂ ಇಲ್ಲ.

ಉಳಿದಿರುವುದು ಚೂರುಗಳು. ಒಂದು ಕಂತು ಇಲ್ಲಿ, ಮೂರು ಕಂತು ಅಲ್ಲಿ. ತಾರೀಖು ಇಲ್ಲದ ಚೂರು ಕಥೆಯ ಯಾವ ಜಾಗಕ್ಕೂ ಕೂರುವುದಿಲ್ಲ. ಸರಿಯಾದ ವಾರ ಗೊತ್ತಾದರೆ ಆ ವಾರದ ಪತ್ರಿಕೆಯಲ್ಲಿ ಬಂದ ಕಥಾಸಾರಾಂಶಕ್ಕೆ ಜೋಡಿಸಬಹುದು. ಹಿಂದೆ ಏನಾಗಿತ್ತು, ಮುಂದೆ ಏನಾಯಿತು ಅಂತ ತಿಳಿಯುತ್ತದೆ. ಯಾರೋ ವರ್ಷಗಟ್ಟಲೆ ದಿನವೂ ಬರೆದು, ನಟಿಸಿ, ದೀಪ ಹಿಡಿದು ಮಾಡಿದ ಕೆಲಸ. ಅದಕ್ಕೆ ಅದರ ದಿನ ಯಾವುದು ಅಂತ ಹೇಳುವಷ್ಟಾದರೂ ನಾವು ಮಾಡಬೇಕು.

ಸಂಜೆ ಕಾಫಿ
ಸರಿ, ಈಗ ನನಗೂ ಕುತೂಹಲ ಬಂತು. ಮುಂದುವರಿಸಿ.

ಮಲ್ಲೇಶ್ವರಂ ಮೀನಾ
ಎಲ್ಲವೂ ಅಳಿಸಿಹೋಗಿದೆ ಅಂತ ಹೊಸಬರು ತಿಳಿದುಕೊಳ್ಳಬಾರದು. ‘ಡೇಸ್ ಆಫ್ ಅವರ್ ಲೈವ್ಸ್’ 1965ರಿಂದ, ‘ದಿ ಯಂಗ್ ಆ್ಯಂಡ್ ದಿ ರೆಸ್ಟ್‌ಲೆಸ್’ 1973ರಿಂದ ಕಾಪಾಡಿಕೊಂಡು ಬಂದಿದ್ದಾರೆ. ‘ದಿ ಡಾಕ್ಟರ್ಸ್’ 2014ರಲ್ಲಿ ರೆಟ್ರೋ ಟಿವಿಯಲ್ಲಿ ಮರುಪ್ರಸಾರ ಶುರುವಾಯಿತು, 1967ರ ಕಂತುಗಳಿಂದ. ನಾನು ಅದನ್ನು ನೋಡಿಯೇ ಈ ಲೋಕಕ್ಕೆ ಬಂದೆ.

ತಾರೀಖು ಹಿಡಿಯಲು ನನ್ನ ಅಚ್ಚುಮೆಚ್ಚಿನ ಗುರುತು ಕಂತಿನ ಉದ್ದ. ‘ಜನರಲ್ ಹಾಸ್ಪಿಟಲ್’, ‘ಒನ್ ಲೈಫ್ ಟು ಲಿವ್’ ಎರಡನ್ನೂ ಎಬಿಸಿ 1976ರ ಜುಲೈ 26ರಿಂದ 45 ನಿಮಿಷದ ಅವಧಿಗೆ ಏರಿಸಿತು. 1978ರ ಜನವರಿ 16ರಂದು ಒಂದು ಗಂಟೆ ಮಾಡಿತು. ಮುಕ್ಕಾಲು ಗಂಟೆಯ ‘ಜನರಲ್ ಹಾಸ್ಪಿಟಲ್’ ಸಿಕ್ಕಿದರೆ ಅದು ಆ ಒಂದೂವರೆ ವರ್ಷದ್ದೇ. ಬೇರೆ ಸಾಕ್ಷಿ ಬೇಡ. ಅದೇ ರೀತಿ ‘ಅನದರ್ ವರ್ಲ್ಡ್’ 90 ನಿಮಿಷ ಇದ್ದರೆ 1979-80. ಆ ಪ್ರಯೋಗವನ್ನು ಬೇರೆ ಯಾರೂ ಮಾಡಲಿಲ್ಲ.

ನ್ಯೂಜೆರ್ಸಿ ನಾಗರಾಜ
ನೇರ ಪ್ರಸಾರ ಅಂದರಲ್ಲ, ತಾರೀಖಿನ ಬಗ್ಗೆ ಜಗಳವೇ ಆಡಲಾಗದ ಒಂದು ಕಂತಿದೆ. 1963ರ ನವೆಂಬರ್ 22ರ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’. ಮಧ್ಯಾಹ್ನ ಒಂದೂವರೆಗೆ ಶುರುವಾಯಿತು. ಹತ್ತು ನಿಮಿಷ ಆಗುವಷ್ಟರಲ್ಲಿ ಪರದೆಯ ಮೇಲೆ ಸುದ್ದಿಯ ಫಲಕ ಬಂತು, ಹಿಂದೆ ವಾಲ್ಟರ್ ಕ್ರಾಂಕೈಟ್ ಅವರ ಧ್ವನಿ. ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಮೇಲೆ ಗುಂಡಿನ ದಾಳಿ ಆಗಿದೆ ಅಂತ. ಸ್ಟುಡಿಯೋದಲ್ಲಿ ನಟರಿಗೆ ಏನೂ ಗೊತ್ತಿಲ್ಲ, ಅವರ ಪಾಡಿಗೆ ಅವರು ಮಾತಾಡುತ್ತಿದ್ದರು. ಯೂಟ್ಯೂಬ್‌ನಲ್ಲಿ ನೋಡಿ. ಮನೆಯೊಳಗಿನ ಮಾಮೂಲಿ ಮಾತು ನಡೆಯುತ್ತಿರುವಾಗ ಆ ಫಲಕ ಬಂದು ಬೀಳುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ.

ಧಾರವಾಡದ ಸುಮ
ನೇರ ಪ್ರಸಾರ ಅಂದರೆ ‘ಸರ್ಚ್ ಫಾರ್ ಟುಮಾರೋ’ದ ಕಥೆಯೂ ಇದೆ. 1983ರ ಆಗಸ್ಟ್ 4. ಅಷ್ಟು ಹೊತ್ತಿಗೆ ಎಲ್ಲರೂ ಟೇಪಿಗೆ ಬಂದಾಗಿತ್ತು. ಆ ದಿನದ ಟೇಪೂ ಕಾಣಿಸಲಿಲ್ಲ, ಅದರ ಇನ್ನೊಂದು ಪ್ರತಿಯೂ ಕಾಣಿಸಲಿಲ್ಲ. ನಟರನ್ನೆಲ್ಲ ಸೇರಿಸಿ ನೇರವಾಗಿಯೇ ಮಾಡಿ ಮುಗಿಸಿದರು ನೋಡ್ರಿ. ಎಂಥಾ ಧೈರ್ಯ!

ವಿಜಯನಗರ ವಾಣಿ
ನನಗೆ ಇದೆಲ್ಲ ಅಷ್ಟು ಗೊತ್ತಿಲ್ಲ. ನಮ್ಮ ಮನೆಗೆ ಕೇಬಲ್ ಬಂದ ಹೊಸದರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ದಿ ಬೋಲ್ಡ್ ಆ್ಯಂಡ್ ದಿ ಬ್ಯೂಟಿಫುಲ್’, ‘ಸಾಂತಾ ಬಾರ್ಬರಾ’ ಬರುತ್ತಿತ್ತು. ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷ್ ಅರ್ಧಂಬರ್ಧ. ಆದರೆ ‘ಬೋಲ್ಡ್’ನಲ್ಲಿ ಬ್ರೂಕ್ ಬಂದ ಕೂಡಲೇ ಬೈಯಲು ಶುರು ಮಾಡುತ್ತಿದ್ದರು. ‘ಇವಳು ಆ ಮನೆ ಹಾಳು ಮಾಡಲು ಬಂದವಳು’ ಅಂತ. ಸ್ಟೆಫನಿ ಅಂದರೆ ಪ್ರಾಣ. ‘ಪಾಪ, ಗಂಡನನ್ನು, ಮಕ್ಕಳನ್ನು ಒಬ್ಬಳೇ ಕಾಯುತ್ತಾಳೆ’ ಅನ್ನುತ್ತಿದ್ದರು. ಅವು 1992ರ ಧಾರಾವಾಹಿಗಳು ಅಲ್ವಾ?

ಮಲ್ಲೇಶ್ವರಂ ಮೀನಾ
ವಾಣಿ, ನಾವು ನೋಡಿದ್ದು 90ರ ದಶಕದಲ್ಲಿ. ಅವು ಹುಟ್ಟಿದ್ದು ಅದಕ್ಕೂ ಮೊದಲು. ‘ಬೋಲ್ಡ್’ ಅಮೆರಿಕದಲ್ಲಿ ಶುರುವಾಗಿದ್ದು 1987ರ ಮಾರ್ಚ್ 23ರಂದು. ‘ಸಾಂತಾ ಬಾರ್ಬರಾ’ 1984ರ ಜುಲೈ 30ರಂದು ಶುರುವಾಗಿ 1993ರ ಜನವರಿ 15ಕ್ಕೆ ಮುಗಿಯಿತು. ನಮ್ಮಲ್ಲಿ ಬರುತ್ತಿದ್ದದ್ದು ಅಲ್ಲಿ ಎಂದೋ ಬಂದು ಹೋದ ಕಂತುಗಳು.

ನಮ್ಮವರು ಕ್ಯಾಸೆಟ್ ಮೇಲೆ ಬರೆದಿಟ್ಟ ತಾರೀಖನ್ನು ನಂಬಿ ‘1994ರ ಕಂತು’ ಅಂತ ಅಪ್ಲೋಡ್ ಮಾಡುವುದು ಇದರಿಂದಲೇ. ಆ ತಾರೀಖೂ ಬೇಕು, ಭಾರತದಲ್ಲಿ ಬಂದ ದಿನಕ್ಕೆ ಅದೇ ದಾಖಲೆ. ಆದರೆ ಮೂಲ ಪ್ರಸಾರದ ದಿನ ಅಂತ ಬರೆಯಬಾರದು. ಎರಡನ್ನೂ ಬೇರೆ ಬೇರೆ ಬರೆಯಿರಿ.

ವಿಜಯನಗರ ವಾಣಿ
ಹಾಗಾದರೆ ದೊಡ್ಡಮ್ಮ ಬೈಯುವಷ್ಟು ಹೊತ್ತಿಗೆ ಅಮೆರಿಕದಲ್ಲಿ ಬ್ರೂಕ್ ಎಲ್ಲಿಗೋ ತಲುಪಿಬಿಟ್ಟಿದ್ದಳು! ಥಾರ್ನ್ ಪಾತ್ರದ ಹುಡುಗ ಬದಲಾಗಿದ್ದು ನನಗೆ ನೆನಪಿದೆ. ನಮ್ಮ ಮನೆಯಲ್ಲಿ ಅದೇ ದೊಡ್ಡ ಚರ್ಚೆ.

ನ್ಯೂಜೆರ್ಸಿ ನಾಗರಾಜ
ಅದೇ ನಿಮಗೆ ತಾರೀಖು ಹೇಳುತ್ತದೆ ವಾಣಿಯವರೇ. ಕ್ಲೇಟನ್ ನಾರ್‌ಕ್ರಾಸ್ ಇದ್ದರೆ 1987ರಿಂದ 1989. ಜೆಫ್ ಟ್ರಾಕ್ಟಾ ಇದ್ದರೆ 1989ರ ನಂತರ. ದೊಡ್ಡಮ್ಮನವರಿಗೆ ಯಾರು ಇಷ್ಟ?

ವಿಜಯನಗರ ವಾಣಿ
ಇಬ್ಬರೂ ಅಲ್ಲ, ರಿಡ್ಜ್. ಕೊನೆಯವರೆಗೂ ರಿಡ್ಜ್.

ಹಳೇರೀಲು
ಎಲ್ಲರೂ ಕೇಳಿ! ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೊನೆಯ ಭಾಗವನ್ನು ನಿಧಾನ ಮಾಡಿ ಕೇಳಿದೆ. ಹೆಸರುಗಳು ಬರುವಾಗ ಆ ಮನುಷ್ಯ ‘ರೂಟ್ಸ್’ ಅನ್ನುತ್ತಾನೆ. ‘ಈ ಭಾನುವಾರ ಶುರು, ಎಬಿಸಿಯಲ್ಲಿ’ ಅನ್ನುವ ಅರ್ಥದ ಮಾತು. ಭಾನುವಾರ ಅನ್ನುವುದು ಸ್ಪಷ್ಟವಾಗಿದೆ.

ರೀಲುಪೆಟ್ಟಿಗೆ
ಇದು ಚಿನ್ನದಂಥ ಸಾಕ್ಷಿ! ‘ರೂಟ್ಸ್’ ಅನ್ನುವ ಕಿರುಧಾರಾವಾಹಿ ಎಬಿಸಿಯಲ್ಲಿ ಶುರುವಾಗಿದ್ದು 1977ರ ಜನವರಿ 23, ಭಾನುವಾರ. ಸತತ ಎಂಟು ರಾತ್ರಿ ಬಂದು 30ಕ್ಕೆ ಮುಗಿಯಿತು. ‘ಈ ಭಾನುವಾರ’ ಅಂದರೆ ನಿಮ್ಮ ಕಂತು ಅದರ ಹಿಂದಿನ ವಾರದ್ದು. 1977ರ ಜನವರಿ 17, ಸೋಮವಾರದಿಂದ 21, ಶುಕ್ರವಾರದ ಒಳಗೆ.

ಕಾಲಿನ್ಸ್‌ಪೋರ್ಟ್ ಕನ್ನಡಿಗ
ಸ್ವಲ್ಪ ತಡೆಯಿರಿ. ‘ರೂಟ್ಸ್’ ಅನ್ನು ಎಬಿಸಿ 1978ರಲ್ಲಿ ಮತ್ತೆ ತೋರಿಸಿತು. ಆ ಸಲದ ಪ್ರಚಾರ ಇರಬಹುದಲ್ಲ?

ನ್ಯೂಜೆರ್ಸಿ ನಾಗರಾಜ
ಆಗುವುದಿಲ್ಲ. 1978ಕ್ಕೆ ರೇವನ್ ಶಾರನ್ ಗ್ಯಾಬೆಟ್. ಆ್ಯಡಮ್ ಡ್ರೇಕ್ ಕೂಡ ಹೋಗಿಯಾಗಿತ್ತು. ಇಲ್ಲಿ ಇಬ್ಬರೂ ಹಳಬರೇ ಇದ್ದಾರೆ. ಒಂದು ಸಾಕ್ಷಿಯನ್ನು ಇನ್ನೊಂದರ ಜೊತೆ ತಾಳೆ ನೋಡಬೇಕು ಅನ್ನುವುದು ಇದಕ್ಕೇ. ಪ್ರಚಾರ ಒಂದೇ ಇದ್ದಿದ್ದರೆ ನಿಮ್ಮ ಸಂಶಯಕ್ಕೆ ಉತ್ತರ ಇರಲಿಲ್ಲ.

ಧಾರವಾಡದ ಸುಮ
ಜನವರಿ 20 ಬಿಟ್ಟುಬಿಡಿ. ಅವತ್ತು ಗುರುವಾರ, ಜಿಮ್ಮಿ ಕಾರ್ಟರ್ ಪ್ರಮಾಣವಚನ. ಉಳಿದಿದ್ದು ನಾಲ್ಕು ದಿನ.

ರೀಲುಪೆಟ್ಟಿಗೆ
ಹಾಗೆ ಬಿಡಲು ಬರುವುದಿಲ್ಲ ಸುಮಕ್ಕ. ಪ್ರಮಾಣವಚನ ಮಧ್ಯಾಹ್ನ ಹನ್ನೆರಡಕ್ಕೆ. ಎಬಿಸಿ ‘ಎಡ್ಜ್’ ಕೊಡುತ್ತಿದ್ದದ್ದು ಪೂರ್ವ ಕರಾವಳಿಯ ಸಮಯ ನಾಲ್ಕಕ್ಕೆ. ಮೆರವಣಿಗೆ ಎಷ್ಟು ಹೊತ್ತು ತೋರಿಸಿದರು, ‘ಎಡ್ಜ್’ ಬಂತೋ ಇಲ್ಲವೋ ಅನ್ನುವುದನ್ನು ಆ ದಿನದ ಪತ್ರಿಕೆಯ ಟಿವಿ ಪಟ್ಟಿ ನೋಡಿಯೇ ಹೇಳಬೇಕು. ಊಹೆ ಮಾಡಬಾರದು. ವಿಶೇಷ ಸುದ್ದಿಯ ದಿನಗಳು ನಮ್ಮ ಲೆಕ್ಕವನ್ನೆಲ್ಲ ಕೆಡಿಸುತ್ತವೆ. 1973ರ ವಾಟರ್‌ಗೇಟ್ ವಿಚಾರಣೆಯನ್ನು ಮೂರು ಜಾಲಗಳೂ ಸರದಿಯ ಮೇಲೆ ತೋರಿಸುತ್ತಿದ್ದವು. ಒಂದು ಧಾರಾವಾಹಿ ಇವತ್ತು ರದ್ದು, ಇನ್ನೊಂದು ನಾಳೆ ರದ್ದು. 1995ರಲ್ಲಿ ಒ.ಜೆ. ಸಿಂಪ್ಸನ್ ಮೊಕದ್ದಮೆ ಬಂದಾಗಲೂ ಹಾಗೇ. ಆ ತಿಂಗಳುಗಳಲ್ಲಿ ‘ವಾರಕ್ಕೆ ಐದು ಕಂತು’ ಅಂತ ಬೆರಳು ಮಡಿಸಿ ಲೆಕ್ಕ ಹಾಕಿದವರೆಲ್ಲ ದಾರಿ ತಪ್ಪಿದ್ದಾರೆ.

ಮಲ್ಲೇಶ್ವರಂ ಮೀನಾ
ಇನ್ನೊಂದು ತೊಡಕಿದೆ. ಎಬಿಸಿ ನಾಲ್ಕಕ್ಕೆ ಕೊಟ್ಟರೂ ಎಷ್ಟೋ ಊರಿನ ಕೇಂದ್ರಗಳು ಆ ಹೊತ್ತಿನಲ್ಲಿ ಬೇರೇನೋ ಹಾಕಿಕೊಳ್ಳುತ್ತಿದ್ದವು. ‘ಎಡ್ಜ್’ ಅನ್ನು ಟೇಪ್ ಮಾಡಿಟ್ಟು ಮರುದಿನ ಬೆಳಿಗ್ಗೆ ಕೊಡುತ್ತಿದ್ದವು. ಹಾಗಾಗಿ ಕ್ಯಾಸೆಟ್ಟಿನ ಮೇಲೆ ‘ಮಂಗಳವಾರ’ ಅಂತ ಇದ್ದರೆ ಅದು ಜಾಲದ ಸೋಮವಾರದ ಕಂತೂ ಆಗಿರಬಹುದು. ನಾವು ಬರೆಯಬೇಕಾದದ್ದು ಜಾಲದ ತಾರೀಖು.

ಸಂಜೆ ಕಾಫಿ
ಒಂದು ಸಂಶಯ. 1977ರಲ್ಲಿ ಮನೆಯಲ್ಲಿ ಯಾರ ಹತ್ತಿರ ವಿಸಿಆರ್ ಇತ್ತು? ಇದನ್ನು ರೆಕಾರ್ಡ್ ಮಾಡಿದವರು ಯಾರು?

ನ್ಯೂಜೆರ್ಸಿ ನಾಗರಾಜ
ತುಂಬಾ ಒಳ್ಳೆಯ ಪ್ರಶ್ನೆ. ವಿಎಚ್ಎಸ್ ಅಮೆರಿಕದ ಅಂಗಡಿಗಳಿಗೆ ಬಂದಿದ್ದು 1977ರ ಆಗಸ್ಟ್ ಹೊತ್ತಿಗೆ. ಜನವರಿಯಲ್ಲಿ ರೆಕಾರ್ಡ್ ಆಗಿದ್ದರೆ ಅದು ವಿಎಚ್ಎಸ್ ಅಲ್ಲ. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲೇ ಬಂದಿತ್ತು, ಆದರೆ ಬೆಲೆ ಜಾಸ್ತಿ, ಇಟ್ಟುಕೊಂಡವರು ಕಡಿಮೆ. ಅಥವಾ ನಟರೋ ನಿರ್ಮಾಣದ ಕಡೆಯವರೋ ಮಾಡಿಸಿಕೊಂಡ ಪ್ರತಿ ಇರಬಹುದು. ಆದರೆ ಎಬಿಸಿಯ ಪ್ರಚಾರದ ಧ್ವನಿ ಅದರಲ್ಲಿ ಇದೆ ಅಂದರೆ ಪ್ರಸಾರದಿಂದಲೇ ಹಿಡಿದದ್ದು. ನನ್ನ ಮನಸ್ಸು ಬೀಟಾಮ್ಯಾಕ್ಸ್ ಅನ್ನುತ್ತದೆ. ಅಪ್ಲೋಡ್ ಮಾಡಿದವರನ್ನೇ ಕೇಳಿ, ಮೂಲ ಕ್ಯಾಸೆಟ್ ಯಾವುದು ಅಂತ.

ಕಾಲಿನ್ಸ್‌ಪೋರ್ಟ್ ಕನ್ನಡಿಗ
ಮರುಪ್ರಸಾರದ್ದೂ ಒಂದು ಮಾತು ಹೇಳಿಬಿಡುತ್ತೇನೆ. ಯುಎಸ್ಎ ಕೇಬಲ್ ಚಾನೆಲ್ 1985ರಿಂದ 1989ರ ಶುರುವಿನವರೆಗೆ ‘ಎಡ್ಜ್’ ಅನ್ನು ರಾತ್ರಿ ಮತ್ತೆ ಹಾಕಿತ್ತು. ಯೂಟ್ಯೂಬ್‌ನಲ್ಲಿರುವ 80ರ ದಶಕದ ಕಂತುಗಳಲ್ಲಿ ಎಷ್ಟೋ ಆಗ ಹಿಡಿದವು. ನಡುವೆ ಬರುವ ಜಾಹೀರಾತು 1987ರದ್ದು, ಕಂತು 1982ರದ್ದು. ಜಾಹೀರಾತು ನೋಡಿ ತಾರೀಖು ಬರೆಯುವವರು ಇದನ್ನು ನೆನಪಿಡಬೇಕು.

ಹಳೇರೀಲು
ಹಾಗಾದರೆ ನಾನು ಏನಂತ ಬರೆಯಲಿ? ‘1977 ಜನವರಿ 19’ ಅಂತ ಹಾಕಿದರೆ ನಡುವಿನ ದಿನ ಆಗುತ್ತದೆ, ಹೆಚ್ಚು ಕಡಿಮೆ ಹತ್ತಿರವೇ ಇರುತ್ತದೆ ಅಲ್ವಾ?

ರೀಲುಪೆಟ್ಟಿಗೆ
ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಿನಾಂಕ ಬರೆದ ಕೂಡಲೇ ಓದುವವರು ಅದನ್ನು ಸಾಬೀತಾದದ್ದು ಅಂತಲೇ ತಿಳಿಯುತ್ತಾರೆ. ನಾಳೆ ಯಾರಾದರೂ ನಿಜವಾದ 19ರ ಕಂತನ್ನು ತಂದರೆ ಅದನ್ನು ಸುಳ್ಳು ಅನ್ನುತ್ತಾರೆ. ‘1977 ಜನವರಿ 17-21ರ ವಾರ’ ಅಂತ ಬರೆಯಿರಿ. ಕೆಳಗೆ ಕಾರಣಗಳನ್ನೂ ಬರೆಯಿರಿ. ಎಬಿಸಿ, ಸಿನ್ಸಿನಾಟಿ ಕಟ್ಟಡಗಳು, ಜುವಾನಿನ್ ಕ್ಲೇ, ‘ರೂಟ್ಸ್’ ಪ್ರಚಾರ. ಮುಂದೆ ಬರುವವರು ಅಲ್ಲಿಂದ ಮುಂದುವರಿಸಲಿ.

ಧಾರವಾಡದ ಸುಮ
ವಾರದ ಯಾವ ದಿನ ಅಂತ ಹಿಡಿಯಲು ಇನ್ನೂ ದಾರಿ ಇದೆ. ಆಗಿನ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆ ಧಾರಾವಾಹಿಗಳ ಕಥಾಸಾರಾಂಶದ ಅಂಕಣ ಬರುತ್ತಿತ್ತು. ‘ಸೋಪ್ ಆಪರಾ ಡೈಜೆಸ್ಟ್’ ಕೂಡ 1975ರಲ್ಲೇ ಶುರುವಾಗಿದೆ. ಆ ವಾರದ ಸಾರಾಂಶದಲ್ಲಿ ಘಟನೆಗಳು ಯಾವ ಕ್ರಮದಲ್ಲಿವೆ ನೋಡಿ. ನಿಮ್ಮ ಕಂತು ಗಟ್ಟಿ ತಿರುವಿನಲ್ಲಿ ಮುಗಿಯುತ್ತದಾ? ಸಾಮಾನ್ಯವಾಗಿ ದೊಡ್ಡ ತಿರುವನ್ನು ಶುಕ್ರವಾರಕ್ಕೆ ಇಡುತ್ತಿದ್ದರು. ಶನಿವಾರ, ಭಾನುವಾರ ನೋಡುವವರು ಅದನ್ನೇ ಯೋಚಿಸುತ್ತಾ ಇರಲಿ ಅಂತ.

ಹಳೇರೀಲು
ಅಂಥ ದೊಡ್ಡ ತಿರುವು ಏನಿಲ್ಲ. ಒಬ್ಬರು ಫೋನ್ ಇಟ್ಟು ಯೋಚಿಸುತ್ತಾ ನಿಲ್ಲುತ್ತಾರೆ, ಅಷ್ಟೇ. ಶುಕ್ರವಾರ ಅಲ್ಲ ಅನಿಸುತ್ತದೆ. ಆದರೆ ಬರೆಯುವುದಿಲ್ಲ, ವಾರ ಅಂತ ಮಾತ್ರ ಬರೆಯುತ್ತೇನೆ.

ನ್ಯೂಜೆರ್ಸಿ ನಾಗರಾಜ
ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ಇದೆ. ನಾನು ಅಲ್ಲಿಗೆ ಹೋಗುತ್ತಿರುತ್ತೇನೆ. ಆ ವಾರದ ಟಿವಿ ಪಟ್ಟಿ, ಮುಖ್ಯವಾಗಿ 20ನೇ ತಾರೀಖಿನದು, ನೋಡಿ ಇಲ್ಲಿ ಹಾಕುತ್ತೇನೆ.

ಸಂಜೆ ಕಾಫಿ
ವಿಷಯ ಸ್ವಲ್ಪ ಬೇರೆ. ಅಮೆರಿಕದವರ ಅಳಿಸಿದ ಟೇಪ್ ಬಗ್ಗೆ ಓದುತ್ತಾ ನಮ್ಮ ಬೆಂಗಳೂರು ದೂರದರ್ಶನದ ಹಳೆಯ ಧಾರಾವಾಹಿಗಳು ನೆನಪಾದವು. 1998ರ ‘ಮಾಯಾಮೃಗ’ ಈಗ ಯೂಟ್ಯೂಬ್‌ನಲ್ಲಿ ಸಿಗುತ್ತದೆ, ಪುಣ್ಯ. ಅದಕ್ಕಿಂತ ಹಿಂದಿನವು ಯಾರ ಮನೆಯಲ್ಲಾದರೂ ಇದ್ದರೆ ಇದೇ ರೀತಿ ತಾರೀಖು ಹಚ್ಚಿ ಇಡಬೇಕು.

ವಿಜಯನಗರ ವಾಣಿ
ಖಂಡಿತ. ಅಟ್ಟದ ಮೇಲೆ ಕ್ಯಾಸೆಟ್ ಇಟ್ಟವರು ಇದನ್ನು ಓದುತ್ತಿದ್ದರೆ ಬೂಷ್ಟು ಹಿಡಿಯುವ ಮೊದಲು ಡಿಜಿಟಲ್ ಮಾಡಿಸಿ. ಮೇಲಿನ ಚೀಟಿಯನ್ನು ಬಿಸಾಡಬೇಡಿ, ಅದರ ಫೋಟೋ ತೆಗೆದಿಡಿ.

ರೀಲುಪೆಟ್ಟಿಗೆ
ಚೀಟಿ ಮಾತ್ರ ಅಲ್ಲ, ಜಾಹೀರಾತುಗಳನ್ನೂ ಕತ್ತರಿಸಬೇಡಿ! ಕಂತಿನ ಹಿಂದೆ ಮುಂದೆ ಉಳಿದ ಅರ್ಧ ನಿಮಿಷವನ್ನೂ ಬಿಡಿ. ಈ ‘ಎಡ್ಜ್’ ಕಂತಿನಲ್ಲಿ ಆ ಹತ್ತು ಸೆಕೆಂಡಿನ ಮಾತು ಇಲ್ಲದಿದ್ದರೆ ನಾವಿನ್ನೂ ‘76 ಅಥವಾ 77’ ಅಂತಲೇ ಇರುತ್ತಿದ್ದೆವು.

ಶಿವಮೊಗ್ಗ ಮಳೆ
ಈಗಷ್ಟೇ ಪೂರ್ತಿ ಓದಿದೆ. ನನ್ನದೂ ಒಂದು ಇದೆ. ಚಿಕ್ಕಪ್ಪ ಸ್ಟಾರ್ ಪ್ಲಸ್‌ನಿಂದ ಹಿಡಿದ ‘ಸಾಂತಾ ಬಾರ್ಬರಾ’ ಕ್ಯಾಸೆಟ್. ಚೀಟಿ ಇಲ್ಲ. ಸಿ.ಸಿ. ಕ್ಯಾಪ್‌ವೆಲ್, ಮೇಸನ್, ಈಡನ್, ಕ್ರೂಸ್ ಎಲ್ಲ ಇದ್ದಾರೆ. ಯಾವ ಕಾಲದ್ದು ಅಂತ ಹೇಗೆ ತಿಳಿಯುವುದು?

ಮಲ್ಲೇಶ್ವರಂ ಮೀನಾ
ಈಡನ್, ಕ್ರೂಸ್ ಇಬ್ಬರನ್ನೂ ಬಿಡಿ, ಅವರು ವರ್ಷಗಟ್ಟಲೆ ಅವರೇ. ಮೇಸನ್ ಯಾರು ನೋಡಿ. ಲೇನ್ ಡೇವಿಸ್ ಇದ್ದರೆ 1984ರಿಂದ 1989. ಟೆರಿ ಲೆಸ್ಟರ್ ಇದ್ದರೆ 1989-90. ಗಾರ್ಡನ್ ಥಾಮ್ಸನ್ ಇದ್ದರೆ ಅದರ ನಂತರದ್ದು. ಸಿ.ಸಿ. ಪಾತ್ರ ಮೊದಲ ಎರಡು ವರ್ಷದಲ್ಲಿ ಹಲವರ ಕೈ ಬದಲಾಗಿ 1986ರಲ್ಲಿ ಜೆಡ್ ಆ್ಯಲನ್ ಅವರಿಗೆ ಬಂತು, ಕೊನೆಯವರೆಗೂ ಅವರೇ ಇದ್ದರು. ಕೆಲ್ಲಿ ಆಗಿ ರಾಬಿನ್ ರೈಟ್ ಇದ್ದರೆ 1988 ದಾಟುವುದಿಲ್ಲ.

ಶಿವಮೊಗ್ಗ ಮಳೆ
ಮೇಸನ್ ಲೇನ್ ಡೇವಿಸ್. ಸಿ.ಸಿ. ಜೆಡ್ ಆ್ಯಲನ್. ಕೆಲ್ಲಿ ಕಾಣಿಸಲೇ ಇಲ್ಲ. ಮೇರಿ ಅನ್ನುವವಳೂ ಇದ್ದಾಳೆ, ಮೇಸನ್ ಅವಳ ಹಿಂದೆಯೇ ಇರುತ್ತಾನೆ.

ನ್ಯೂಜೆರ್ಸಿ ನಾಗರಾಜ
ಮೇರಿ ಬದುಕಿದ್ದಾಳೆ ಅಂದರೆ 1986ರ ಬೇಸಿಗೆಗಿಂತ ಮುಂದೆ ಹೋಗುವುದಿಲ್ಲ. ಕ್ಯಾಪ್‌ವೆಲ್ ಹೋಟೆಲಿನ ಮಾಳಿಗೆಯ ಮೇಲಿದ್ದ ದೊಡ್ಡ ‘ಸಿ’ ಅಕ್ಷರ ಬಿದ್ದು ಅವಳು ಸತ್ತಿದ್ದು 1986ರ ಜುಲೈನಲ್ಲಿ. ಜೆಡ್ ಆ್ಯಲನ್ ಬಂದಿದ್ದೂ ಅದೇ ವರ್ಷ. ಹಾಗಾಗಿ ನಿಮ್ಮ ಕ್ಯಾಸೆಟ್ 1986ರ ಮೊದಲರ್ಧದ್ದು. ಕೊನೆಯ ಹೆಸರುಗಳ ಪಟ್ಟಿ ಉಳಿದಿದ್ದರೆ ಅದರ ಫೋಟೋ ಹಾಕಿ, ಇನ್ನೂ ಹತ್ತಿರಕ್ಕೆ ಹೋಗೋಣ.

ಶಿವಮೊಗ್ಗ ಮಳೆ
ಪಟ್ಟಿ ಇದೆ. ಇವತ್ತು ರಾತ್ರಿ ಫೋಟೋ ಹಾಕುತ್ತೇನೆ. ಸ್ಟಾರ್ ಪ್ಲಸ್‌ನ ಜಾಹೀರಾತುಗಳೂ ಹಾಗೇ ಇವೆ, ಒಂದನ್ನೂ ಕತ್ತರಿಸುವುದಿಲ್ಲ.